ಕಾರಿನ ಎಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 2016ರ ಪೆಟ್ರೋಲ್ ವ್ಯಾಗನ್ ಆರ್ ಇದೆ. 68 ಸಾವಿರ ಕಿ.ಮೀ. ಓಡಿದೆ, ವಾರಂಟಿ ಎಂದೋ ಮುಗಿದಿದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬಿಲ್ ಏರುತ್ತಲೇ ಇದೆ, ಒಳಗೆ ನಿಜವಾಗಿ ಏನು ಮಾಡಿದರು ಅನ್ನೋದು ಮಾತ್ರ ಗೊತ್ತಾಗಲ್ಲ. ಆಯಿಲ್, ಫಿಲ್ಟರ್ ನಾನೇ ಬದಲಾಯಿಸೋದು ಕಲಿಯಬೇಕು ಅಂತಿದ್ದೇನೆ. ನಮ್ಮಪ್ಪ ‘ಸುಮ್ನೆ ಇಲ್ಲದ ತಲೆನೋವು ಯಾಕೆ’ ಅಂತಾರೆ. ಸ್ಕೂಟರ್ ಪ್ಲಗ್ ಬಿಚ್ಚಿ ಹಾಕಿದ್ದು ಬಿಟ್ಟರೆ ಅನುಭವ ಇಲ್ಲ. ಮನೆ ಮುಂದೆ ಸಿಮೆಂಟ್ ಹಾಕಿದ ಸಮತಟ್ಟು ಜಾಗ ಇದೆ. ಇದು ಆಗೋ ಕೆಲಸವಾ? ಯಾವ ಆಯಿಲ್ ಹಾಕಲಿ? ಹಳೇ ಆಯಿಲ್ ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ:

ಆಗುತ್ತೆ. ಕಾರಿನ ಕೆಲಸಗಳಲ್ಲಿ ಸುಲಭವಾದವು ಅಂತ ಪಟ್ಟಿ ಮಾಡಿದರೆ ಇದು ಮೇಲಿನ ಸಾಲಿನಲ್ಲೇ ಬರುತ್ತೆ. ಒಂದು ಬೋಲ್ಟ್ ಬಿಚ್ಚಬೇಕು, ಹಳೇದು ಇಳಿಸಬೇಕು, ಫಿಲ್ಟರ್ ಬದಲಾಯಿಸಬೇಕು, ಬೋಲ್ಟ್ ಹಾಕಬೇಕು, ಹೊಸದು ಸುರಿಯಬೇಕು. ಅಷ್ಟೇ. ಆದರೆ ನಿಮ್ಮಪ್ಪ ಹೇಳಿದ್ದರಲ್ಲೂ ಅರ್ಥ ಇದೆ. ಈ ಕೆಲಸ ಕೆಡೋದು ಎರಡೇ ಕಡೆ. ಒಂದು, ಕಾರಿನ ಕೆಳಗೆ ಹೋಗುವ ರೀತಿ. ಇನ್ನೊಂದು, ಬಿಚ್ಚಿದ್ದನ್ನು ವಾಪಸ್ ಬಿಗಿ ಮಾಡುವ ರೀತಿ. ಈ ಎರಡು ಕೈಗೆ ಹತ್ತಿದರೆ ಉಳಿದದ್ದು ತಾನಾಗೇ ಬರುತ್ತೆ. ಹಾಗಾಗಿ ನನ್ನ ಉತ್ತರದ ಹೆಚ್ಚಿನ ಪಾಲು ಅದರ ಬಗ್ಗೆಯೇ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಬರೀ ಆಯಿಲ್ ಚೇಂಜ್‌ನಲ್ಲಿ ನಿಮಗೆ ಉಳಿಯೋದು ಕೂಲಿ ಮಾತ್ರ, ಅದು ದೊಡ್ಡ ಮೊತ್ತ ಏನಲ್ಲ. ಆಯಿಲ್, ಫಿಲ್ಟರ್, ವಾಷರ್ ಇವಕ್ಕೆ ಹೇಗಿದ್ದರೂ ದುಡ್ಡು ಕೊಡಲೇಬೇಕು. ಮೊದಲ ಸಲ ಸ್ಪಾನರ್, ಟಬ್, ಆಲಿಕೆ, ಗ್ಲೌಸ್ ಅಂತ ಕೊಂಡರೆ ಉಳಿತಾಯ ಬಿಡಿ, ಖರ್ಚೇ ಜಾಸ್ತಿ ಆಗಬಹುದು. ನಿಜವಾದ ಉಳಿತಾಯ ಬೇರೆ ಕಡೆ ಇದೆ. ಬಿಲ್ಲಿನಲ್ಲಿ ಸೇರಿಕೊಳ್ಳುವ ಎಂಜಿನ್ ಫ್ಲಶ್ (ದ್ರಾವಣ ಹಾಕಿ ಎಂಜಿನ್ ಒಳಗೆ ತೊಳೆಯೋದು), ಅಂಡರ್‌ಬಾಡಿ ಕೋಟಿಂಗ್, ಎಂಜಿನ್ ಡ್ರೆಸ್ಸಿಂಗ್ ಇವೆಲ್ಲ ನಿಮ್ಮ ಮನೆ ಅಂಗಳಕ್ಕೆ ಬರೋದಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಎಂಜಿನ್‌ಗೆ ಫ್ಲಶ್ ಬೇಕಾಗಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಲಾಭ ಅಂದರೆ, ಎಂಜಿನ್ ಒಳಗೆ ಏನು ಹೋಯಿತು, ಎಷ್ಟು ಹೋಯಿತು ಅನ್ನೋದು ಗೊತ್ತಿರುತ್ತೆ. ಜೊತೆಗೆ ವರ್ಷಕ್ಕೊಮ್ಮೆಯಾದರೂ ಕಾರಿನ ಹೊಟ್ಟೆ ನೋಡಿದ ಹಾಗಾಗುತ್ತೆ. ಹರಿದ ರಬ್ಬರ್ ಬೂಟ್, ತುಕ್ಕು ಹಿಡಿದ ಸೈಲೆನ್ಸರ್, ಸಣ್ಣ ಸೋರಿಕೆ ಎಲ್ಲ ಕಣ್ಣಿಗೆ ಬೀಳೋದು ಆಗಲೇ.

ವಾರಂಟಿ ಇರುವ ಕಾರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ವಾರಂಟಿ ಮುಗಿಯೋವರೆಗೂ ಕೈ ಹಾಕಬೇಡಿ. ನಾಳೆ ಎಂಜಿನ್‌ನಲ್ಲಿ ಏನಾದರೂ ಆದರೆ ಕಂಪನಿ ಮೊದಲು ಕೇಳೋದೇ ಸರ್ವಿಸ್ ದಾಖಲೆ. ಮಾರುತಿ 2024ರ ಜುಲೈನಿಂದ ಹೊಸ ಕಾರುಗಳಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಿದೆ. ಕೂಲಿ ಉಳಿಸೋಕೆ ಹೋಗಿ ಅಷ್ಟು ದೊಡ್ಡದನ್ನು ಕಳೆದುಕೊಳ್ಳೋದು ಜಾಣತನ ಅಲ್ಲ. ನಿಮ್ಮದು 2016ರ ಗಾಡಿ, ಆ ಚಿಂತೆ ಇಲ್ಲ.

ಈಗ ಆಯಿಲ್. ಡಬ್ಬಿಯ ಮೇಲೆ ಎರಡು ವಿಷಯ ನೋಡಿದರೆ ಸಾಕು. ಒಂದು ದಪ್ಪ-ತೆಳುವಿನ ಗ್ರೇಡ್, ಅಂದರೆ 5ಡಬ್ಲ್ಯು-30, 0ಡಬ್ಲ್ಯು-20, 20ಡಬ್ಲ್ಯು-40 ಅಂತ ಬರೆದಿರುತ್ತಲ್ಲ ಅದು. ಇನ್ನೊಂದು ಗುಣಮಟ್ಟದ ದರ್ಜೆ: ಎಪಿಐ ಎಸ್‌ಎನ್, ಎಪಿಐ ಎಸ್‌ಪಿ ಹೀಗೆ. ‘ಎಸ್’ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ‘ಸಿ’ ಇಂದ ಶುರುವಾದರೆ ಡೀಸೆಲ್‌ಗೆ. ಎಸ್‌ಪಿ 2020ರಲ್ಲಿ ಬಂದ ದರ್ಜೆ. ಹಳೇ ಮ್ಯಾನ್ಯುಯಲ್‌ನಲ್ಲಿ ಎಸ್‌ಎಂ, ಎಸ್‌ಎನ್ ಅಂತ ಇದ್ದರೂ ಎಸ್‌ಪಿ ಹಾಕಬಹುದು, ಹೊಸ ದರ್ಜೆ ಹಳೇದರ ಕೆಲಸವನ್ನೂ ಮಾಡುತ್ತೆ. ನಿಮ್ಮ ವ್ಯಾಗನ್ ಆರ್‌ನ ಒಂದು ಲೀಟರ್ ಕೆ-ಸೀರೀಸ್ ಎಂಜಿನ್‌ಗೆ 5ಡಬ್ಲ್ಯು-30 ಚೆನ್ನಾಗಿ ಹೊಂದುತ್ತೆ. ಆದರೂ ನನ್ನ ಮಾತಿಗಿಂತ ಗ್ಲೋವ್ ಬಾಕ್ಸ್‌ನಲ್ಲಿರುವ ಪುಸ್ತಕದ ಮಾತು ದೊಡ್ಡದು. ಅದರಲ್ಲಿ ಆಯಿಲ್ ಬಗ್ಗೆ ಒಂದು ಪುಟ ಇದ್ದೇ ಇರುತ್ತೆ, ತೆಗೆದು ನೋಡಿ.

ಇಲ್ಲಿ ನಿಮಗೆ ಯಾರಾದರೂ ಒಬ್ಬರು ಖಂಡಿತ ಹೇಳ್ತಾರೆ: ‘ನಮ್ಮ ಬಿಸಿಲಿಗೆ ಇಷ್ಟು ತೆಳು ಆಯಿಲ್ ನಡೆಯಲ್ಲ, 20ಡಬ್ಲ್ಯು-50 ಹಾಕ್ಸಿ.’ ಹಳೇ ಅಂಬಾಸಿಡರ್ ಕಾಲದ ಮಾತು ಇದು. ಗ್ರೇಡಿನ ಎರಡನೇ ಅಂಕಿ ಹೇಳೋದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇರುತ್ತೆ ಅಂತ. ಕಾರು ರಾಯಚೂರಿನಲ್ಲಿರಲಿ, ಮಡಿಕೇರಿಯಲ್ಲಿರಲಿ, ಥರ್ಮೋಸ್ಟಾಟ್ ಮತ್ತು ಫ್ಯಾನ್ ಸೇರಿ ಎಂಜಿನ್ ಬಿಸಿಯನ್ನು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಹಿಡಿದಿಡುತ್ತವೆ. ಹೊರಗಿನ ಬಿಸಿಲು ಅದನ್ನು ಅಷ್ಟೊಂದು ಬದಲಾಯಿಸಲ್ಲ. ‘ಡಬ್ಲ್ಯು’ ಮುಂಚಿನ ಅಂಕಿ ತಣ್ಣಗಿರುವಾಗಿನ ಹರಿವು. ಅದು ಕಡಿಮೆ ಇದ್ದಷ್ಟೂ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಬೇಗ ಮೇಲೇರುತ್ತೆ. ಎಂಜಿನ್ ಸವೆಯೋದು ಆ ಮೊದಲ ಕ್ಷಣಗಳಲ್ಲೇ ಜಾಸ್ತಿ. ಕೆ-ಸೀರೀಸ್‌ನಂಥ ಎಂಜಿನ್‌ನಲ್ಲಿ ಆಯಿಲ್ ದಾರಿಗಳು ಸಣ್ಣ, ಭಾಗಗಳ ನಡುವಿನ ಸಂದು ಕಿರಿದು. ದಪ್ಪ ಆಯಿಲ್ ಹಾಕಿದರೆ ಮೈಲೇಜ್ ಬೀಳುತ್ತೆ, ಲಾಭ ಏನೂ ಇಲ್ಲ.

ಮನೆಯಲ್ಲಿ ಬೈಕಿನ ಆಯಿಲ್ ಉಳಿದಿದೆ ಅಂತ ಅದನ್ನು ಸುರಿಯಬೇಡಿ. ಬೈಕಿನಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಅದರ ಲೆಕ್ಕವೇ ಬೇರೆ. ಹಾಗೇ ಬಿಎಸ್6 ಡೀಸೆಲ್ ಕಾರಿನವರು ಡಿಪಿಎಫ್‌ಗೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ಗೆ, ಹೊಂದುವ ಆಯಿಲ್ ಅನ್ನೇ ಹಾಕಬೇಕು. ಇಲ್ಲದಿದ್ದರೆ ಆ ಫಿಲ್ಟರ್ ಬೂದಿ ಕಟ್ಟಿಕೊಂಡು ಕೂರುತ್ತೆ, ಅದರ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತೆ.

ಎಷ್ಟು ಬೇಕು? ಈ ಎಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 3 ಲೀಟರ್. ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಮೂರೂವರೆ ಲೀಟರ್ ಡಬ್ಬಿ. ಎಡವಟ್ಟು ಆಗೋದೇ ಇಲ್ಲಿ. ‘ಡಬ್ಬಿ ಪೂರ್ತಿ ಅದಕ್ಕೇ ಇರೋದು’ ಅಂತ ಇಡೀ ಡಬ್ಬಿ ಖಾಲಿ ಮಾಡುವವರಿದ್ದಾರೆ. ಉಳಿದದ್ದನ್ನು ಮುಚ್ಚಳ ಬಿಗಿ ಮಾಡಿ ಎತ್ತಿಡಿ. ಮುಂದೆ ಲೆವೆಲ್ ಸ್ವಲ್ಪ ಇಳಿದಾಗ ಟಾಪ್ ಅಪ್‌ಗೆ ಆಗುತ್ತೆ.

ಕೊಳ್ಳೋದು ಎಲ್ಲಿ ಅನ್ನೋದೂ ಮುಖ್ಯ. ನಕಲಿ ಆಯಿಲ್ ನಮ್ಮಲ್ಲಿ ಇರುವ ಸಮಸ್ಯೆಯೇ. ಖಾಲಿ ಒರಿಜಿನಲ್ ಡಬ್ಬಿಗೆ ಅಗ್ಗದ್ದು ತುಂಬಿ ಮಾರೋದು ಹಳೇ ದಂಧೆ. ಪೆಟ್ರೋಲ್ ಬಂಕ್‌ನಲ್ಲಿ ಆ ಕಂಪನಿಯದ್ದೇ ಆಯಿಲ್, ಮಾರುತಿಯ ಅಧಿಕೃತ ಸ್ಪೇರ್ಸ್ ಅಂಗಡಿ, ಇಲ್ಲವೇ ಕಂಪನಿಯ ಡೀಲರ್ ಬೋರ್ಡ್ ಇರುವ ಅಂಗಡಿ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಸ್ಪೇರ್ ಇಲ್ಲ, ಆದರೆ ಗುರುತಿಲ್ಲದ ಅಂಗಡಿಯಲ್ಲಿ ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಸೀಲ್ ನೋಡಿ, ತಯಾರಾದ ತಿಂಗಳು ನೋಡಿ, ಬಿಲ್ ತಗೊಳ್ಳಿ. ಫಿಲ್ಟರ್‌ಗೂ ಇದೇ ಮಾತು. ಫಿಲ್ಟರ್ ಕೇಳುವಾಗ ಕಾರಿನ ಹೆಸರು ಮಾತ್ರ ಅಲ್ಲ, ವರ್ಷ ಮತ್ತು ಪೆಟ್ರೋಲ್ ಅನ್ನೋದನ್ನೂ ಹೇಳಿ. ಜೊತೆಗೆ ‘ಡ್ರೈನ್ ಬೋಲ್ಟ್ ವಾಷರ್’ ಅಂತ ಒಂದು ಕೇಳಿ ತಗೊಳ್ಳಿ. ಚಿಲ್ಲರೆ ದುಡ್ಡಿನ ವಸ್ತು, ಅದನ್ನು ಮರೆತವರ ಕಾರೇ ಹನಿ ಹನಿ ಸೋರೋದು.

ಇನ್ನು ಕಾರಿನ ಕೆಳಗೆ ಹೋಗುವ ವಿಷಯ. ಇದರಲ್ಲಿ ನಾನು ಯಾವ ರಾಜಿಗೂ ಒಪ್ಪೋದಿಲ್ಲ.

ಡಿಕ್ಕಿಯಲ್ಲಿರುವ ಜಾಕ್ ಇರೋದು ಪಂಕ್ಚರ್ ಆದ ಟೈರ್ ಬದಲಾಯಿಸೋಕೆ ಮಾತ್ರ. ಅದರ ಮೇಲೆ ಕಾರು ನಿಂತಿರುವಾಗ ಕೆಳಗೆ ಒಂದು ಕೈ ಕೂಡ ಹಾಕಬೇಡಿ. ಕಾರು ಸ್ವಲ್ಪ ಅಲುಗಿದರೂ ಅದು ಮಗುಚುತ್ತೆ. ನೀವು ಬೋಲ್ಟ್ ಬಿಚ್ಚೋಕೆ ಸ್ಪಾನರ್ ಎಳೆಯುತ್ತೀರಲ್ಲ, ಕಾರು ಅಲುಗೋದು ಆಗಲೇ. ‘ಎರಡು ನಿಮಿಷದ ಕೆಲಸ’ ಅಂತ ನುಗ್ಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಜಾಕ್ ಜೊತೆ ಹಾಲೋ ಬ್ಲಾಕ್, ಇಟ್ಟಿಗೆ ಜೋಡಿಸಿ ಇಡೋದು ಇನ್ನೂ ಅಪಾಯ. ಸಿಮೆಂಟ್ ಬ್ಲಾಕ್ ಬಿರುಕು ಬಿಡುವ ಮುಂಚೆ ಯಾವ ಸೂಚನೆಯನ್ನೂ ಕೊಡಲ್ಲ. ಒಂದೇ ಸಲ ಪುಡಿ ಆಗುತ್ತೆ.

ಮನೆಯಲ್ಲಿ ಮಾಡುವವರಿಗೆ ನನಗೆ ಹಿಡಿಸಿದ ದಾರಿ ರ‍್ಯಾಂಪ್. ಮುಂದಿನ ಎರಡು ಚಕ್ರ ಹತ್ತಿಸಿ ನಿಲ್ಲಿಸುವ ಕಬ್ಬಿಣದ ರ‍್ಯಾಂಪ್ ರೆಡಿ ಸಿಗುತ್ತೆ. ಸಿಗದಿದ್ದರೆ ಮರದ ಅಂಗಡಿಯಲ್ಲಿ ಎರಡಿಂಚು ದಪ್ಪದ, ಟೈರಿಗಿಂತ ಅಗಲವಾದ ಗಟ್ಟಿ ಹಲಗೆ ಕೊಯ್ಯಿಸಿ. ಮೂರು ಹಲಗೆ ಒಂದರ ಮೇಲೊಂದು, ಮೇಲಿನದು ಕೆಳಗಿನದಕ್ಕಿಂತ ಗಿಡ್ಡ, ಎಲ್ಲ ಸೇರಿಸಿ ಉದ್ದ ಸ್ಕ್ರೂ ಹೊಡೆಯಿರಿ. ಮೇಲ್ತುದಿಗೆ ಅಡ್ಡ ಒಂದು ಪಟ್ಟಿ ಹೊಡೆದರೆ ಚಕ್ರ ಮುಂದಕ್ಕೆ ದಾಟಲ್ಲ. ಹೀಗೆ ಆರಿಂಚು ಎತ್ತರ ಸಿಕ್ಕರೆ ಕೈ ಆಡೋಕೆ ಜಾಗ ಆಗುತ್ತೆ. ಹತ್ತಿಸುವಾಗ ಹೊರಗೆ ಒಬ್ಬರು ನಿಂತು ನೋಡಲಿ. ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಮೊದಲನೇ ಗೇರ್‌ಗೆ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ದಪ್ಪ ಕಲ್ಲು ಕೊಡಿ. ಆಮೇಲೆ ಕಾರನ್ನು ಪಕ್ಕದಿಂದ ಭುಜ ಕೊಟ್ಟು ಚೆನ್ನಾಗಿ ಅಲುಗಾಡಿಸಿ. ಕದಲದೇ ನಿಂತರೆ ಮಾತ್ರ ಕೆಳಗೆ ಇಳಿಯಿರಿ. ಟ್ರಾಲಿ ಜಾಕ್ ಇದ್ದರೆ ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಕೊಟ್ಟು ಎತ್ತಿ, ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಟ್ಟು, ಭಾರ ಅದರ ಮೇಲೆ ಇಳಿಸಿ ಕೆಲಸ ಮಾಡಬಹುದು.

ಇದೆಲ್ಲ ಜಾಸ್ತಿ ಆಯಿತು ಅನ್ನಿಸಿದರೆ ಇನ್ನೊಂದು ದಾರಿ ಇದೆ, ಮೊದಲ ಸಲಕ್ಕೆ ಅದೇ ವಾಸಿ. ನಿಮ್ಮ ಊರಲ್ಲಿ ಲಿಫ್ಟ್ ಇರುವ ವಾಟರ್ ಸರ್ವಿಸ್ ಅಂಗಡಿ ಯಾವುದಾದರೂ ಇರುತ್ತಲ್ಲ, ಅಲ್ಲಿ ಕಾರು ತೊಳೆಸೋಕೆ ಬಿಡುವಾಗ ಕೇಳಿ: ‘ಅಣ್ಣ, ಆಯಿಲ್, ಫಿಲ್ಟರ್ ನಾನೇ ತಂದಿದೀನಿ. ಲಿಫ್ಟ್ ಮೇಲೆ ಅರ್ಧ ಗಂಟೆ ಕೊಡ್ತೀರಾ, ನಿಮ್ಮ ಹುಡುಗ ಜೊತೆಗಿರಲಿ, ನಾನೇ ಮಾಡ್ತೀನಿ.’ ವಾರದ ದಿನ, ಗಿರಾಕಿ ಕಡಿಮೆ ಇರುವ ಹೊತ್ತು ಹೋದರೆ ಒಪ್ಪುವವರು ಸಿಗ್ತಾರೆ. ಪರಿಚಯದ ಗ್ಯಾರೇಜ್ ಆದರಂತೂ ಇನ್ನೂ ಸುಲಭ. ನಿಂತುಕೊಂಡೇ, ಬೆಳಕಲ್ಲಿ, ಬೋಲ್ಟ್ ಎಲ್ಲಿದೆ, ಫಿಲ್ಟರ್ ಎಲ್ಲಿದೆ ಅಂತ ಕಣ್ಣಾರೆ ನೋಡಿದರೆ ಮುಂದಿನ ಸಲ ಮನೆಯಲ್ಲಿ ತಡಕಾಡೋದು ತಪ್ಪುತ್ತೆ. ಒಂದೆರಡು ಫೋಟೊ ತೆಗೆದುಕೊಳ್ಳಿ.

ಈಗ ಕೆಲಸಕ್ಕೆ ಇಳಿಯೋಣ. ಬೇಕಾದ ಸಾಮಾನು: ಡ್ರೈನ್ ಬೋಲ್ಟ್‌ಗೆ ಸರಿಹೊಂದುವ ರಿಂಗ್ ಸ್ಪಾನರ್ ಅಥವಾ ಸಾಕೆಟ್ (ಮಾರುತಿಯ ಎಷ್ಟೋ ಕಾರುಗಳಲ್ಲಿ 17ರದ್ದು ಕೂರುತ್ತೆ, ನಿಮ್ಮದಕ್ಕೆ ಹಿಡಿಸಿ ನೋಡಿ), ಫಿಲ್ಟರ್ ಬಿಚ್ಚುವ ಬೆಲ್ಟ್ ಅಥವಾ ಕಪ್, ಐದು ಲೀಟರ್ ಹಿಡಿಯುವ ಅಗಲ ಟಬ್, ಆಲಿಕೆ, ಟಾರ್ಚ್, ನೈಟ್ರೈಲ್ ಗ್ಲೌಸ್, ಒಂದು ಹಿಡಿ ಬನಿಯನ್ ವೇಸ್ಟ್, ಹಳೇ ರಟ್ಟಿನ ಪೆಟ್ಟಿಗೆ ಬಿಚ್ಚಿದ್ದು ಎರಡು. ಸಾಮಿಲ್‌ನಿಂದ ಒಂದು ಚೀಲ ಮರದ ಹೊಟ್ಟು ತಂದಿಟ್ಟುಕೊಂಡರೆ ಚೆಲ್ಲಿದ ಆಯಿಲ್ ಹೀರಿಸೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಡಬಲ್ ಎಂಡ್ ಸ್ಪಾನರ್, ಅಂದರೆ ಬಾಯಿ ತೆರೆದಿರೋದು, ಬೇಡ. ಬೋಲ್ಟಿನ ಮೂಲೆ ಸವೆಸಿ ಹಾಕುತ್ತೆ.

ಎಂಜಿನ್ ಬೆಚ್ಚಗಿರಬೇಕು, ಸುಡಬಾರದು. ಒಂದು ಸಣ್ಣ ರೌಂಡ್ ಹೋಗಿ ಬಂದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಹದವಾಗಿರುತ್ತೆ. ಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತೆ, ಕೆಸರನ್ನೂ ಜೊತೆಗೆ ಎಳೆದುಕೊಂಡು ಬರುತ್ತೆ. ಬಾನೆಟ್ ಎತ್ತಿ ಮೇಲಿನ ಫಿಲ್ಲರ್ ಕ್ಯಾಪ್ ಮೊದಲೇ ತೆಗೆದಿಡಿ.

ಕೆಳಗೆ ಹೋದ ಮೇಲೆ ಬೋಲ್ಟ್ ಗುರುತಿಸೋದರಲ್ಲಿ ನಿಧಾನ ಮಾಡಿ. ಹೊಸಬರು ಎಂಜಿನ್ ಬದಲು ಗೇರ್‌ಬಾಕ್ಸ್ ಆಯಿಲ್ ಇಳಿಸಿಬಿಡೋದು ಎಲ್ಲ ಗ್ಯಾರೇಜಿನವರೂ ಕೇಳಿರುವ ಕಥೆ. ಆಮೇಲೆ ಎಂಜಿನ್‌ಗೆ ಮೇಲಿಂದ ಇನ್ನೂ ಮೂರು ಲೀಟರ್! ಅಲ್ಲಿಗೆ ಗೇರ್‌ಬಾಕ್ಸ್ ಒಣಗಿತು, ಎಂಜಿನ್ ಉಕ್ಕಿತು. ಗುರುತು ಹೀಗೆ: ಮುಂದಿನ ಚಕ್ರಗಳಿಗೆ ಹೋಗುವ ಆಕ್ಸಲ್‌ಗಳು ಹೊರಡುವ ಡಬ್ಬ ಗೇರ್‌ಬಾಕ್ಸ್. ಅದನ್ನು ಬಿಡಿ. ಅದರ ಪಕ್ಕದಲ್ಲಿ, ಎಂಜಿನ್‌ನ ಅಡಿಗೆ ತಟ್ಟೆಯ ಹಾಗೆ ಕೂತಿರೋದು ಚೇಂಬರ್. ನಮಗೆ ಬೇಕಾದ ಬೋಲ್ಟ್ ಅದರ ತಳದ ಹತ್ತಿರ ಇರುತ್ತೆ. ಬೇಡದ ಕಡೆ ಕೈ ಹಾಕುವ ಬದಲು ಅನುಮಾನ ಬಂದರೆ ನಿಲ್ಲಿಸಿ, ಗೊತ್ತಿರುವವರನ್ನು ಕರೆದು ತೋರಿಸಿ.

ಬಿಚ್ಚುವ ದಿಕ್ಕು ಗಡಿಯಾರಕ್ಕೆ ಉಲ್ಟಾ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿದ್ದೇನೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಲಗಿಕೊಂಡು ಕೈ ಮಾತ್ರ ಒಳಗೆ ಹಾಕಿದಾಗ ಎಡ ಬಲ ಗಲಿಬಿಲಿ ಆಗೋದು ಸಹಜ. ‘ಇದೇನು ಇಷ್ಟು ಬಿಗಿ’ ಅಂತ ಇನ್ನೂ ಜೋರು ಹಾಕುವ ಮುಂಚೆ ದಿಕ್ಕು ಸರಿ ಇದೆಯಾ ನೋಡಿ. ಸ್ಪಾನರ್‌ನಲ್ಲಿ ಸಡಿಲ ಮಾಡಿದ ಮೇಲೆ ಬೆರಳಲ್ಲಿ ತಿರುಗಿಸಿ. ಇಲ್ಲೊಂದು ಕೈಚಳಕ ಇದೆ. ತಿರುಗಿಸುತ್ತಾ ಬೋಲ್ಟನ್ನು ಒಳಕ್ಕೇ ಒತ್ತಿ ಹಿಡಿದಿರಿ. ಹಾಗೆ ಒತ್ತಿದ್ದರೆ ಕೊನೇ ಸುತ್ತಿನವರೆಗೂ ಆಯಿಲ್ ಹೊರಗೆ ನುಗ್ಗಲ್ಲ. ಥ್ರೆಡ್ ಪೂರ್ತಿ ಬಿಟ್ಟಿತು ಅಂತ ಬೆರಳಿಗೆ ಗೊತ್ತಾದ ಕ್ಷಣ ಪಕ್ಕಕ್ಕೆ ಸರಕ್ಕನೆ ಎಳೆದುಕೊಳ್ಳಿ. ಮಣಿಕಟ್ಟು ಬೋಲ್ಟಿಗಿಂತ ಕೆಳಗೆ ಇರಬಾರದು, ಇದ್ದರೆ ಆಯಿಲ್ ತೋಳಿನ ಉದ್ದಕ್ಕೂ ಇಳಿದು ಕಂಕುಳು ಸೇರುತ್ತೆ. ಬೋಲ್ಟ್ ಪಕ್ಕಕ್ಕೆ ಮುಖ ಮಾಡಿದ್ದರೆ ಧಾರೆ ಮೊದಲು ದೂರಕ್ಕೆ ಚಿಮ್ಮುತ್ತೆ, ಆಮೇಲೆ ಹತ್ತಿರಕ್ಕೆ ಬರುತ್ತೆ, ಕೊನೆಗೆ ಚೇಂಬರ್ ಗುಂಟ ಜಾರಿ ಹನಿಯುತ್ತೆ. ಟಬ್ ಅದಕ್ಕೆ ತಕ್ಕಂತೆ ಸರಿಸುತ್ತಾ ಹೋಗಿ. ಗಾಳಿ ಇರುವ ದಿನ ಕೊನೆಯ ತೆಳು ಧಾರೆ ಟಬ್ ಬಿಟ್ಟು ಹೊರಗೆ ಬೀಳುತ್ತೆ, ರಟ್ಟು ಹಾಸಿರೋದು ಅದಕ್ಕೇ.

ಹನಿ ನಿಧಾನ ಆಗೋವರೆಗೆ ಬಿಡಿ. ಅಷ್ಟರಲ್ಲಿ ಆ ಆಯಿಲ್ ನೋಡಿ. ಕಪ್ಪಾಗಿದೆ ಅಂದರೆ ಕೆಟ್ಟಿದೆ ಅಂತ ಅಲ್ಲ. ಒಳಗಿನ ಮಸಿಯನ್ನು ಹಿಡಿದಿಟ್ಟುಕೊಳ್ಳೋದು ಅದರ ಕೆಲಸವೇ. ಡೀಸೆಲ್ ಕಾರಿನಲ್ಲಂತೂ ಬದಲಾಯಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತೆ. ಹಾಗಾಗಿ ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ಒರೆಸಿ ‘ನೋಡಿ ಸಾರ್, ಎಷ್ಟು ಕಪ್ಪು’ ಅಂತ ಹೆದರಿಸುವವರ ಮಾತಿಗೆ ಬೀಳಬೇಡಿ, ಕಿಲೋಮೀಟರ್ ಮತ್ತು ತಿಂಗಳ ಲೆಕ್ಕ ನೋಡಿ. ಗಮನಿಸಬೇಕಾದದ್ದು ಬೇರೆ: ಬಿಸಿಲಿಗೆ ಹಿಡಿದಾಗ ಮಿರಮಿರ ಮಿಂಚುವ ಲೋಹದ ಪುಡಿ ಇದೆಯಾ, ಪೆಟ್ರೋಲ್ ವಾಸನೆ ಜೋರಾಗಿದೆಯಾ, ಹಾಲು ಹಾಕಿದ ಕಾಫಿಯ ಬಣ್ಣ ಬಂದಿದೆಯಾ. ಕೊನೆಯದ್ದು ಇಳಿದ ಆಯಿಲ್ ಪೂರ್ತಿ ಇದ್ದರೆ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಒಳಗೆ ಸೇರುತ್ತಿದೆ ಅಂತ ಅರ್ಥ, ಆಗ ಮೆಕ್ಯಾನಿಕ್ ಬೇಕೇ ಬೇಕು. ಫಿಲ್ಲರ್ ಕ್ಯಾಪ್ ಅಡಿಯಲ್ಲಿ ಮಾತ್ರ ಸ್ವಲ್ಪ ಆ ತರಹದ ನೊರೆ ಇದ್ದರೆ ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ಕಿ.ಮೀ. ಮಾತ್ರ ಓಡಿಸಿ ನಿಲ್ಲಿಸುವ ಕಾರುಗಳಲ್ಲಿ ಒಳಗಿನ ತೇವ ಹೀಗೆ ಕೂರುತ್ತೆ. ಒಂದು ಉದ್ದದ ಪ್ರಯಾಣ ಮಾಡಿದರೆ ಹೋಗುತ್ತೆ. ಕೂಲೆಂಟ್ ಲೆವೆಲ್ ಇಳಿದಿಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಫಿಲ್ಟರ್ ಬಿಚ್ಚುವಾಗಲೂ ಆಯಿಲ್ ಬೀಳುತ್ತೆ, ಟಬ್ ಕೆಳಗೇ ಇರಲಿ. ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಬಾಯಿ ನೋಡಿ. ಕಪ್ಪು ರಬ್ಬರ್ ರಿಂಗ್ ಅದರಲ್ಲೇ ಇದೆಯಾ? ಇಲ್ಲದಿದ್ದರೆ ಅದು ಎಂಜಿನ್‌ಗೆ ಅಂಟಿಕೊಂಡಿದೆ. ಅದರ ಮೇಲೇ ಹೊಸದು ಕೂರಿಸಿದರೆ ರಿಂಗ್ ಮೇಲೆ ರಿಂಗ್ ಆಗಿ, ಓಡುವಾಗ ಒತ್ತಡಕ್ಕೆ ಜಾರಿ, ನೋಡ್ತಾ ನೋಡ್ತಾ ಆಯಿಲ್ ಎಲ್ಲ ರೋಡಿಗೆ ಹೋಗುತ್ತೆ. ಕೂರುವ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ಹೊಸ ಫಿಲ್ಟರ್‌ನ ರಬ್ಬರ್‌ಗೆ ಹೊಸ ಆಯಿಲ್ ಬೆರಳಲ್ಲಿ ಸವರಿ. ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿತು ಅನ್ನಿಸಿದಲ್ಲಿಂದ ಇನ್ನು ಮುಕ್ಕಾಲು ಸುತ್ತು. ಸುಜುಕಿ ಹೇಳುವ ಲೆಕ್ಕ ಇದು. ಬಿಚ್ಚೋಕೆ ತಂದ ಬೆಲ್ಟ್ ಹಾಕಿ ಪೂರ್ತಿ ಬಿಗಿ ಮಾಡೋಕೆ ಹೋಗಬೇಡಿ, ಮುಂದಿನ ಸಲ ಬಿಚ್ಚುವವರೂ ನೀವೇ ಅಲ್ವಾ.

ಡ್ರೈನ್ ಬೋಲ್ಟ್ ಬಿಗಿ ಮಾಡೋದು ಇಡೀ ಕೆಲಸದಲ್ಲಿ ಕೈಗೆ ಬುದ್ಧಿ ಬೇಕಾದ ಜಾಗ. ಸಡಿಲ ಬಿಟ್ಟರೆ ಸೋರುತ್ತೆ ಅಂತ ಹೆದರಿ ಎಲ್ಲರೂ ಮೈಭಾರ ಹಾಕಿ ತಿರುಗಿಸುತ್ತಾರೆ. ಥ್ರೆಡ್ ಹೋಗೋದು ಹೀಗೇ. ಚೇಂಬರ್ ಅಲ್ಯುಮಿನಿಯಂ ಆಗಿದ್ದರೆ ಅದು ಬೋಲ್ಟಿಗಿಂತ ಮೆದು. ಥ್ರೆಡ್ ಕಿತ್ತು ಬಂದರೆ ಲೇತ್‌ನವರ ಹತ್ತಿರ ಹೋಗಿ ಹೊಸ ಥ್ರೆಡ್ ಹಾಕಿಸಬೇಕು, ಇಲ್ಲವೇ ಚೇಂಬರ್ರೇ ಬದಲಾಯಿಸಬೇಕು. ಮೊದಲು ಹೊಸ ವಾಷರ್ ಹಾಕಿ, ಬರೀ ಬೆರಳಲ್ಲಿ ಕೊನೆಯವರೆಗೆ ತಿರುಗಿಸಿ. ಎರಡನೇ ಸುತ್ತಿನಲ್ಲೇ ಹಿಡಿದುಕೊಂಡರೆ ವಾರೆ ಕೂತಿದೆ ಅಂತ ಅರ್ಥ, ವಾಪಸ್ ತೆಗೆದು ಮತ್ತೆ ಕೂರಿಸಿ. ಆಮೇಲೆ ಸ್ಪಾನರ್.

ಎಷ್ಟು ಬಿಗಿ? ಸುಜುಕಿಯ ಪುಸ್ತಕಗಳಲ್ಲಿ ಈ ಬೋಲ್ಟ್‌ಗೆ 35 ನ್ಯೂಟನ್ ಮೀಟರ್ ಅಂತ ಇರುತ್ತೆ. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಅದನ್ನೇ ಇಟ್ಟು ಮುಗಿಸಿ. ಇಲ್ಲದವರಿಗೆ ಒಂದು ಉಪಾಯ. ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ಸಣ್ಣ ತಕ್ಕಡಿ ಬರುತ್ತಲ್ಲ, ಅದನ್ನು ಸ್ಪಾನರ್ ತುದಿಗೆ ಸಿಕ್ಕಿಸಿ. ಬೋಲ್ಟಿನ ನಡುವಿನಿಂದ ಕೊಕ್ಕೆಗೆ 25 ಸೆಂ.ಮೀ. ದೂರ ಇದ್ದರೆ, ಸ್ಪಾನರ್‌ಗೆ ನೇರ ಅಡ್ಡಲಾಗಿ ಸುಮಾರು 14 ಕೆ.ಜಿ. ತೋರಿಸೋವರೆಗೆ ಎಳೆದರೆ ಅಷ್ಟೇ 35. ದೂರ 20 ಸೆಂ.ಮೀ. ಆದರೆ 18 ಕೆ.ಜಿ. ಒಂದೆರಡು ಸಲ ಹೀಗೆ ಎಳೆದು ನೋಡಿದರೆ ಸರಿಯಾದ ಬಿಗಿ ಅಂದರೆ ಏನು ಅನ್ನೋದು ಕೈಗೆ ಕೂರುತ್ತೆ. ಹೆಚ್ಚಿನವರಿಗೆ ಆಶ್ಚರ್ಯ ಆಗೋದು ಅದು ತಾವು ಅಂದುಕೊಂಡಿದ್ದಕ್ಕಿಂತ ಎಷ್ಟು ಕಡಿಮೆ ಅಂತ.

ಆಯಿಲ್ ತುಂಬುವಾಗ ಅವಸರ ಮಾಡಬೇಡಿ. ಮೇಲೆ ಬರುವ ಮುಂಚೆ ಬೋಲ್ಟ್ ಹಾಕಿದ್ದೇನಾ ಅಂತ ಮತ್ತೊಮ್ಮೆ ಮುಟ್ಟಿ ನೋಡಿ. ನಗಬೇಡಿ, ಬೋಲ್ಟ್ ಹಾಕದೇ ಮೇಲಿಂದ ಸುರಿದವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಎರಡೂವರೆ ಲೀಟರ್ ಹಾಕಿ, ಕ್ಯಾಪ್ ಮುಚ್ಚಿ, ಕಾರು ರ‍್ಯಾಂಪ್ ಮೇಲೆ ಇರುವಾಗಲೇ, ಹ್ಯಾಂಡ್‌ಬ್ರೇಕ್ ಹಾಗೇ ಇಟ್ಟು, ಗೇರ್ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊಸ ಫಿಲ್ಟರ್ ತುಂಬಿಕೊಳ್ಳುವಷ್ಟು ಹೊತ್ತು ಮಾತ್ರ ಅದು ಉರಿಯೋದು. ಆರದಿದ್ದರೆ ತಕ್ಷಣ ಆಫ್ ಮಾಡಿ. ಎಕ್ಸಲರೇಟರ್ ತುಳಿಯಬೇಡಿ. ಲೈಟ್ ಆರಿದರೆ ಒಂದು ನಿಮಿಷ ಬಿಟ್ಟು ಆಫ್ ಮಾಡಿ, ಟಾರ್ಚ್ ಹಿಡಿದು ಕೆಳಗೆ ಬೋಲ್ಟ್ ಮತ್ತು ಫಿಲ್ಟರ್ ಸುತ್ತ ನೋಡಿ. ಒಣಗಿದೆಯಾ? ಹಾಗಾದರೆ ಕಲ್ಲು ತೆಗೆದು ಕಾರನ್ನು ಸಮ ನೆಲಕ್ಕೆ ಇಳಿಸಿ. ಲೆವೆಲ್ ನೋಡೋದು ಇಲ್ಲಿ ಮಾತ್ರ, ಮೂತಿ ಮೇಲಾಗಿ ನಿಂತಾಗ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತೆ.

ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎರಡು ಗುರುತಿನ ನಡುವೆ, ಮೇಲಿನದರ ಹತ್ತಿರಕ್ಕೆ ಬರೋವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗುರುತು ದಾಟಬಾರದು. ಜಾಸ್ತಿ ಆದರೆ ಕ್ರ್ಯಾಂಕ್ ಆಯಿಲ್ ಅನ್ನು ಕಡೆದು ನೊರೆ ಎಬ್ಬಿಸುತ್ತೆ. ನೊರೆಯಲ್ಲಿ ಗಾಳಿ ಇರುತ್ತೆ, ಗಾಳಿ ಬೇರಿಂಗ್ ಕಾಯಲ್ಲ. ಅಂಥ ಹೊತ್ತಲ್ಲಿ ಬೋಲ್ಟ್ ಸಡಿಲಿಸಿ ಸ್ವಲ್ಪ ಇಳಿಸೋದೇ ದಾರಿ. ಕಡಿಮೆ ಹಾಕಿ ಸೇರಿಸೋದು ಸುಲಭ, ಜಾಸ್ತಿ ಹಾಕಿ ತೆಗೆಯೋದು ಮೈಕೈ ಹೊಲಸು ಮಾಡುವ ಕೆಲಸ. ಮಾರನೇ ದಿನ ಬೆಳಗ್ಗೆ ಕಾರು ನಿಂತ ಜಾಗದಲ್ಲಿ ಹನಿ ಬಿದ್ದಿದೆಯಾ ನೋಡಿ, ಇನ್ನೊಮ್ಮೆ ಲೆವೆಲ್ ನೋಡಿ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಕಿಲೋಮೀಟರ್, ಆಯಿಲ್ ಗ್ರೇಡ್ ಬರೆದು ಬಿಲ್ ಅಂಟಿಸಿ. ಮುಂದಿನದು 10 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರು ಮಾರುವಾಗ ಈ ಪುಸ್ತಕ ತೋರಿಸಿದರೆ ಕೊಳ್ಳುವವರಿಗೂ ಧೈರ್ಯ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ, ಹಳೇ ಆಯಿಲ್. ಚರಂಡಿಗೆ, ತೆಂಗಿನ ಬುಡಕ್ಕೆ, ಖಾಲಿ ಸೈಟಿಗೆ ಸುರಿಯೋದು ಬೇಡವೇ ಬೇಡ. ಮಣ್ಣಿಗೆ ಇಳಿದದ್ದು ಬೋರ್‌ವೆಲ್ ನೀರಿನ ತನಕ ಹೋಗಬಹುದು. ನಮ್ಮ ಹಳ್ಳಿಗಳಲ್ಲಿ ಬೇಲಿ ಗೂಟಕ್ಕೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಿರಲಿ ಅಂತ ಸುಟ್ಟ ಆಯಿಲ್ ಬಳಿಯುವ ರೂಢಿ ಇದೆ. ಗೆದ್ದಲು ದೂರ ಹೋಗಬಹುದು, ಆದರೆ ಎಂಜಿನ್‌ನಲ್ಲಿ ಕಾದ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳು ಸೇರಿಕೊಂಡಿರುತ್ತವೆ. ಮಕ್ಕಳು, ದನಕರು ಮುಟ್ಟುವ ಜಾಗಕ್ಕೆ ಅದನ್ನು ಬಳಿಯಬೇಡಿ. ಗ್ಲೌಸ್ ಹಾಕಿ ಅಂದದ್ದೂ ಇದಕ್ಕೇ. ಎಣ್ಣೆ ಆದ ಬಟ್ಟೆ ಪ್ಯಾಂಟಿನ ಜೇಬಿಗೆ ತುರುಕುವ ಗ್ಯಾರೇಜ್ ಅಭ್ಯಾಸ ಕಲಿಯಬೇಡಿ.

2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. 2023ರಲ್ಲಿ ತಿದ್ದುಪಡಿ ಬಂದು, 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳಿಗೇ ಅದರ ಮರುಬಳಕೆಯ ಹೊಣೆ ಬಂದಿದೆ. ಆಯಿಲ್ ಪೂರ್ತಿ ಸವೆದು ಹೋಗೋ ವಸ್ತು ಅಲ್ಲ. ಮುಗಿಯೋದು ಅದರಲ್ಲಿ ಬೆರೆಸಿದ ಗುಣಕಾರಿ ರಾಸಾಯನಿಕಗಳು. ಶುದ್ಧ ಮಾಡಿದರೆ ಮೂಲ ಎಣ್ಣೆ ಮತ್ತೆ ಬಳಕೆಗೆ ಬರುತ್ತೆ. ಹಾಗಾಗಿ ನಿಮ್ಮ ಮೂರು ಲೀಟರ್‌ಗೂ ಬೆಲೆ ಇದೆ. ದೊಡ್ಡ ಗ್ಯಾರೇಜ್, ಸರ್ವಿಸ್ ಸೆಂಟರ್‌ಗಳಲ್ಲಿ ಹಳೇ ಆಯಿಲ್‌ನ ಡ್ರಮ್ ಇರುತ್ತೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡ್ತಾರಾ ಅಂತ ಕೇಳಿ, ಹೌದು ಅಂದರೆ ಅಲ್ಲೇ ಸುರಿದು ಬನ್ನಿ. ಹೊಸ ಆಯಿಲ್ ಬಂದ ಡಬ್ಬಿಯಲ್ಲಿ ಇನ್ನೂ ಅರ್ಧ ಲೀಟರ್ ಉಳಿದಿರುತ್ತೆ, ಅದನ್ನು ಸಣ್ಣ ಬಾಟಲಿಗೆ ಬಗ್ಗಿಸಿ ಲೇಬಲ್ ಅಂಟಿಸಿಟ್ಟರೆ ಹಳೇದು ಒಯ್ಯೋಕೆ ಅದೇ ಡಬ್ಬಿ ಆಗುತ್ತೆ. ನೀರು, ಕೂಲೆಂಟ್, ಪೆಟ್ರೋಲ್ ಬೆರೆಸಬೇಡಿ, ಬೆರೆತರೆ ಅವರೂ ತಗೊಳ್ಳಲ್ಲ. ಹಳೇ ಫಿಲ್ಟರ್ ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ಟಬ್ ಮೇಲೆ ಇಟ್ಟು, ಸೋರಿದ ಮೇಲೆ ಅದನ್ನೂ ಜೊತೆಗೆ ಕೊಡಿ. ಡಬ್ಬಿ ಖಾಲಿ ಆದಮೇಲೆ ಅದಕ್ಕೆ ಮೊಳೆಯಲ್ಲಿ ನಾಲ್ಕು ತೂತು ಹೊಡೆದು, ಲೇಬಲ್ ಹರಿದು ಬಿಡಿ. ಅದರಲ್ಲಿ ಇನ್ಯಾರೂ ನಕಲಿ ತುಂಬೋಕೆ ಆಗಬಾರದು.